ಬೀಗರ ಕೊಡ

ಮೂವತ್ತೆಂಟು ಮನೆ, ಮೂವತ್ತೆಂಟು ಬಾಟಲಿ. ಒಂದರಲ್ಲೂ ದೋಷವಿಲ್ಲ ಎಂದು ಬರೆದಿದ್ದ ಹಾಳೆಯನ್ನು ಗಂಗಾಧರ್ ಸರ್ ನನ್ನ ಕೈಗೆ ಕೊಟ್ಟಾಗ, ತಲೆಕೆಳಗೆ ಹಿಡಿದುಕೊಂಡಿದ್ದೇನೇನೋ ಎಂದು ಒಂದು ಸಲ ತಿರುಗಿಸಿ ನೋಡಿದೆ. ಹಾಳೆ ನೆಟ್ಟಗೇ ಇತ್ತು.

“ಎಲ್ಲಾ ಮನೆಯದೂ ಸೊನ್ನೆ ಪಾಯಿಂಟ್ ಆರು, ಇಲ್ಲಾ ಏಳು,” ಎಂದರು ಸರ್. “ಒಂದೂವರೆ ದಾಟಿದ್ರೆ ಮಾತ್ರ ಫ್ಲೋರೈಡ್ ಜಾಸ್ತಿ ಅಂತ ಲೆಕ್ಕ. ಲ್ಯಾಬಿನವರ ಪ್ರಕಾರ ನಿಮ್ಮೂರ ನೀರು ಚೆನ್ನಾಗೈತೆ ಟೀಚರ್.”

ಅವರು ಹರಪನಹಳ್ಳಿ ಕಡೆಯವರು, ಮಾತು ಮೆತ್ತಗೆ. ನನ್ನದು ಹಾಗಲ್ಲ. ಕೆಂಗಲ್ಲಹಟ್ಟಿಯ ಅಂಗನವಾಡಿ ಟೀಚರ್ ಪುಷ್ಪಲತಾಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಊರಿಗೆಲ್ಲಾ ಗೊತ್ತು.

“ಚೆನ್ನಾಗೈತಂತ! ಅಲ್ಲಿ ನೋಡ್ರಿ ಸರ್. ಆ ಕಾಲು ನೋಡಿ ಇನ್ನೊಂದ್ಸಲ ಹೇಳ್ರಿ, ನೀರು ಚೆನ್ನಾಗೈತಿ ಅಂತ.”

ಅಂಗನವಾಡಿಯ ಹೊಸ್ತಿಲ ಮೇಲೆ ನನ್ನ ಮಗಳು ವಾಣಿಶ್ರೀ ಕೂತಿದ್ದಳು. ಎಂಟು ವರ್ಷ. ಎದ್ದು ನಿಂತರೆ ಎರಡು ಮೊಣಕಾಲೂ ಒಂದಕ್ಕೊಂದು ತಗಲುತ್ತವೆ, ಪಾದಗಳು ಮಾತ್ರ ಗೇಣು ದೂರ. ನಡೆದರೆ ಮೊಣಕಾಲು ಉಜ್ಜಿ ಲಂಗದ ಬಟ್ಟೆ ಅಲ್ಲೇ ಸವೆಯುತ್ತದೆ. ಎರಡು ವರ್ಷದ ಹಿಂದೆ ಕುಂಟಾಬಿಲ್ಲೆಯಲ್ಲಿ ಓಣಿಯ ಹುಡುಗಿಯರನ್ನೆಲ್ಲಾ ಸೋಲಿಸುತ್ತಿದ್ದವಳು ಈಗ ಹೊಸ್ತಿಲ ಮೇಲೆ ಕೂತು ಅವರ ಬಿಲ್ಲೆಗಳನ್ನು ಕಾಯುತ್ತಾಳೆ. ಬಳ್ಳಾರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಇದಕ್ಕೆ ಮಾತ್ರೆ ಇಲ್ಲಮ್ಮ. ನಿಮ್ಮೂರ ಬೋರಿನ ನೀರು ಬಿಡಿಸಿ, ಹೊಳೆ ನೀರು ಕುಡಿಸಿ. ಬೆಳೆಯೋ ಎಲುಬು, ಈಗಿಂದೀಗಲೇ ನೀರು ಬದಲಾದರೆ ಇಷ್ಟಕ್ಕೇ ನಿಲ್ಲಬಹುದು” ಎಂದಿದ್ದರು. ಹೇಳುವುದು ಸುಲಭ. ಹೊಳೆ ಇರುವುದು ಹಡಗಲಿ ತಾಲೂಕಿನ ಮಾಗಳದಲ್ಲಿ, ನಾವಿರುವುದು ಕೂಡ್ಲಿಗಿ ತಾಲೂಕಿನ ಕೆಂಪು ಕಲ್ಲಿನ ನೆತ್ತಿಯ ಮೇಲೆ.

ಆ ಹೊಳೆ ನೀರು ಸರ್ಕಾರದ ಪೈಪಿನಲ್ಲಿ ಬರುವುದಿತ್ತು. ನೀರು ಕೆಟ್ಟಿದೆ ಎಂದು ಪರೀಕ್ಷೆಯಲ್ಲಿ ತೋರಿಸಿದ ಊರುಗಳಿಗೆ ಮೊದಲು. ಆ ಊರುಗಳ ಪಟ್ಟಿ ಸೋಮವಾರ ಮುಚ್ಚುತ್ತದೆ, ಇವತ್ತು ಶುಕ್ರವಾರ. ನಮ್ಮೂರಿನ ಹೆಸರಿನ ಮುಂದೆ ಸೊನ್ನೆ ಪಾಯಿಂಟ್ ಆರು.

ನಾನು ಮಕ್ಕಳ ಚಾಪೆಯ ಮೇಲೆ ಕೂತುಬಿಟ್ಟೆ.

ಗಂಗಾಧರ್ ಸರ್ ಮೊದಲ ಸಲ ನಮ್ಮೂರಿಗೆ ಬಂದದ್ದು ಎರಡು ಸಾವಿರದ ಎರಡನೇ ಇಸವಿಯ ಯುಗಾದಿ ಮುಗಿದ ವಾರ. ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು, ಅಲ್ಲಿಂದ ಐದು ಮೈಲಿ ಟೆಂಪೊದಲ್ಲಿ ಕುಲುಕಿಸಿಕೊಂಡು ಬಂದಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಸರ್ವೆ ಮಾಡುವವರು ನಮಗೆ ಹೊಸಬರಲ್ಲ. ಎಷ್ಟು ಕುರಿ, ಎಷ್ಟು ಮಕ್ಕಳು, ಎಷ್ಟು ಎಕರೆ ಎಂದು ಬರೆದುಕೊಂಡು ಹೋದವರು ಯಾರೂ ಮತ್ತೆ ಮುಖ ತೋರಿಸಿದ್ದಿಲ್ಲ. ಇವರು ಮಾತ್ರ ಕಟ್ಟೆಯ ಮೇಲೆ ಖಾಲಿ ಹಾಳೆ ಇಟ್ಟು, “ನಾನು ಪ್ರಶ್ನೆ ತಂದಿಲ್ಲ. ನಿಮಗೇನು ಗೊತ್ತಾಗಬೇಕು, ಅದನ್ನು ನೀವೇ ಹೇಳ್ರಿ. ಹುಡುಕೋರೂ ನೀವೇ. ಕಾಲೇಜು ನಿಮ್ಮ ಜೊತೆಗಿರತೈತೆ” ಎಂದರು.

ಜನ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ಕೇಳಿದ್ದಕ್ಕೆ ಉತ್ತರ ಹೇಳಿ ಅಭ್ಯಾಸ, ಪ್ರಶ್ನೆ ಕೇಳಿ ಅಭ್ಯಾಸವಿಲ್ಲ. ಕೊನೆಗೆ ಭರಮಮ್ಮಜ್ಜಿ ಬಾಯಿಬಿಟ್ಟಳು. ಅವಳಿಗೆ ಕುತ್ತಿಗೆ ಹೊರಳುವುದಿಲ್ಲ, ಯಾರನ್ನಾದರೂ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕು. ಹಾಗೆ ತಿರುಗಿ, “ಹಂಗಾರ ಬರಕಳಪ್ಪ. ನಮ್ಮೂರಾಗ ನಲವತ್ತಕ್ಕ ಸೊಂಟ ಯಾಕ ಹಿಡೀತೈತಿ? ಹುಡುಗ್ರ ಹಲ್ಲು ಯಾಕ ಕಂದು ಬೀಳ್ತಾವ?” ಎಂದಳು.

“ನನ್ನ ಮಗಳ ಕಾಲು ಯಾಕ ಸೊಟ್ಟ ಆದ್ವು ಅಂತನೂ ಬರ್ಕೊಳ್ರಿ,” ಎಂದೆ ನಾನು.

ಪ್ರಶ್ನೆ ನಮ್ಮದಾಯಿತು. ಹುಡುಕುವ ಕೆಲಸಕ್ಕೆ ಊರಿನ ಕಡೆಯಿಂದ ನನ್ನನ್ನೂ ಗೌಸಿಯಾಳನ್ನೂ ಆರಿಸಿದರು. ಗೌಸಿಯಾ ನಮ್ಮ ಎದುರು ಮನೆಯವಳು, ಬಟ್ಟೆ ಹೊಲಿಯುತ್ತಾಳೆ, ಕೈಯೂ ಚುರುಕು, ಬಾಯಿಯೂ ಚುರುಕು. ವರದಿಯ ಮೊದಲ ಪುಟದಲ್ಲಿ ‘ಊರಿನ ಸಂಶೋಧಕರು’ ಎಂದು ನಮ್ಮಿಬ್ಬರ ಹೆಸರು ಬರುತ್ತದೆಂದು ಸರ್ ಹೇಳಿದ ದಿನ ನಾನು ಸ್ವಲ್ಪ ಹೆಚ್ಚೇ ಬೀಗಿದೆ. ಸುಳ್ಳು ಯಾಕೆ ಹೇಳಲಿ.

ಆ ದಿನ ಸರ್ ನಮ್ಮ ಮನೆಯಲ್ಲೇ ಊಟ ಮಾಡಿದರು. ನನ್ನ ಅತ್ತೆ ಮರುಳಸಿದ್ದಮ್ಮ ಬೀಗರ ಕೊಡದಿಂದ ಅವರಿಗೆ ನೀರು ಕೊಟ್ಟರು. ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಬೋರು ಮೂರಿವೆ, ನೀರಿಗೇನೂ ಬರವಿಲ್ಲ, ಆದರೆ ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಾಯಿಗೆ ಸಪ್ಪೆ. ಕೆರೆಯ ಅಂಗಳದಲ್ಲಿ ಒಂದು ಹಳೆಯ ಬಾವಿಯಿದೆ, ಅದರದು ಸಿಹಿನೀರು. ಬಾವಿಯಲ್ಲಿ ನೀರು ಊರುವುದು ನಿಧಾನ, ಅದಕ್ಕೇ ಮನೆಗೆ ಸೋಮವಾರ ಒಂದು ಕೊಡ, ಗುರುವಾರ ಒಂದು ಕೊಡ ಎಂದು ಹಿಂದಿನವರು ಕಟ್ಟು ಮಾಡಿದ್ದಾರೆ. ಆ ಒಂದು ಕೊಡವನ್ನು ನಮ್ಮ ಕಡೆ ಮನೆಯವರು ಕುಡಿಯುವುದಿಲ್ಲ. ಬಂದವರಿಗೆಂದು ಎತ್ತಿಡುತ್ತಾರೆ. ಬೀಗರು ಬರಬಹುದು, ಮಠದ ಅಯ್ಯನವರು ಬರಬಹುದು, ಸೊಸೈಟಿಯವರು ಬರಬಹುದು. ಬಂದವರ ಬಾಯಿಗೆ ಸಪ್ಪೆ ನೀರು ಹಾಕಿದ ಮನೆ ಎಂದು ಹೆಸರು ಬಂದರೆ ಅದು ಮೂರು ತಲೆಮಾರಿಗೂ ಹೋಗುವುದಿಲ್ಲ. ನಮ್ಮ ಮನೆಯ ಬೀಗರ ಕೊಡ ಹಿತ್ತಾಳೆಯದು. ಅತ್ತೆ ಅದನ್ನು ವಾರಕ್ಕೆರಡು ಸಲ ಹುಣಸೆಹಣ್ಣು ಹಚ್ಚಿ ಬೆಳಗುತ್ತಾರೆ.

“ನೀರು ಬಹಳ ರುಚಿಯಾಗೈತೆ,” ಎಂದು ಸರ್ ಮೂರು ಲೋಟ ಕುಡಿದರು. ಅತ್ತೆಗೆ ಅಷ್ಟೇ ಸಾಕಾಗಿತ್ತು.

ಮುಂದಿನ ಸಲ ಸರ್ ಖಾಲಿ ಬಾಟಲಿಗಳ ಚೀಲ ತಂದರು. ಮನೆಗೊಬ್ಬರಂತೆ ಹೆಂಗಸರೆಲ್ಲಾ ನಮ್ಮ ಅಂಗಳದಲ್ಲಿ ಸೇರಿದರು. ಸರ್ ಹೇಳುತ್ತಾ ಹೋದಂತೆ ನಾನು ಮಾಡಿ ತೋರಿಸಿದೆ. ಪಕ್ಕದಲ್ಲಿದ್ದ ಕೊಡದಿಂದ ಬಾಟಲಿಗೆ ನೀರು ಹಾಕಿ ಮೂರು ಸಲ ಕುಲುಕಿ ಚೆಲ್ಲಿದೆ, ನಾಲ್ಕನೇ ಸಲ ಕಂಠಮಟ ತುಂಬಿದೆ, ಗುಳ್ಳೆ ನಿಲ್ಲದಂತೆ ಬಿರಡೆ ತಿರುಗಿಸಿದೆ, ಚೀಟಿ ಅಂಟಿಸಿದೆ. “ಎಲ್ಲಾರೂ ನೋಡಿದ್ರಲ್ಲ? ಹಿಂಗ ತುಂಬಬೇಕು. ಯಾರಾದ್ರೂ ಸ್ವಂತ ಬುದ್ಧಿ ಓಡಿಸಿದ್ರ ನೋಡ್ರಿ ಮತ್ತ,” ಎಂದು ಗದರಿಸಿದೆ ಕೂಡ. ಸಂಜೆಯೊಳಗೆ ಮೂವತ್ತೆಂಟು ಬಾಟಲಿ ಬಂದವು. ಮೊದಲನೆಯದು ನನ್ನದೇ.

ಹೀಗೆ ಅಚ್ಚುಕಟ್ಟಾಗಿ ಮಾಡಿದ ಕೆಲಸಕ್ಕೆ ಈ ಹಾಳೆ ಬಂದಿತ್ತು.

“ನನಗೂ ನಂಬಿಕೆ ಇಲ್ಲ,” ಎಂದರು ಸರ್. “ಮೂರು ಬೋರು, ಮೂರರದೂ ಒಂದೇ ನಂಬರ್ ಬರೋದು ಸಾಧ್ಯ ಇಲ್ಲ. ಮೂವತ್ತೆಂಟು ಬಾಟಲಿನೂ ಒಂದೇ ಕಡೆ ತುಂಬಿದಂಗೈತೆ. ಹೋಗಿ ವಿಚಾರಿಸ್ರಿ ಟೀಚರ್. ಇದು ನಿಮ್ಮ ಸಂಶೋಧನೆ, ನಾನು ಮನೆ ಮನೆಗೆ ಹೋಗಿ ಕೇಳೋದು ಚೆಂದ ಅಲ್ಲ.”

ಯಾರೋ ಬೇಕೆಂದೇ ಮಾಡಿದ್ದಾರೆ ಎಂದು ನನ್ನ ತಲೆಗೆ ಹೊಕ್ಕಿತು. ನಮ್ಮೂರಿಗೆ ರೋಗದೂರು ಎಂದು ಹೆಸರು ಬಂದರೆ ಮಗನಿಗೆ ಹೆಣ್ಣು ಸಿಗುವುದಿಲ್ಲವೆಂದು ಪಕ್ಕೀರಪ್ಪ ಕಟ್ಟೆಯ ಮೇಲೆ ಗೊಣಗಿದ್ದು ನೆನಪಾಯಿತು. ಅವನೇ ಬಾಟಲಿಗಳನ್ನು ಬದಲಾಯಿಸಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ.

ಪಕ್ಕೀರಪ್ಪ ಹಗ್ಗ ಹೊಸೆಯುತ್ತಾ ಕೂತಿದ್ದ. ನಾನು ಬಾಯಿಗೆ ಬಂದಂತೆ ಅಂದದ್ದನ್ನೆಲ್ಲಾ ಪೂರ್ತಿ ಕೇಳಿಸಿಕೊಂಡು, “ನಾನ್ಯಾಕ ಊರ ಬಾಟ್ಲಿ ಮುಟ್ಲಿ ತಂಗಿ?” ಎಂದ. ಆಮೇಲೆ ದನಿ ಇಳಿಸಿದ. “ನಮ್ಮನಿ ಬಾಟ್ಲಿ ಮಾತ್ರ... ನಮ್ಮಾಕಿ ಬೀಗರ ಕೊಡದಾಗಿಂದು ತುಂಬಿದ್ಲು. ಕಾಲೇಜಿನೋರು ಕೈಯೊಡ್ಡಿ ಕೇಳ್ಯಾರ, ಸಪ್ಪೆ ನೀರು ಹೆಂಗ ಕೊಡಾದು? ಒಂದ್ಮನಿದು ಹಂಗಾದ್ರ ಏನಾಗತೈತಿ ಅಂತ ಸುಮ್ನಿದ್ದೆ. ಯಾರಿಗೂ ಹೇಳಬ್ಯಾಡ.”

ಅಲ್ಲಿಂದ ಭರಮಮ್ಮಜ್ಜಿಯ ಮನೆಗೆ ಹೋದೆ. ಅಜ್ಜಿ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು.

“ಹೂಂ, ಬೀಗರ ಕೊಡದ್ದೇ ಕೊಟ್ಟೆ. ಅಷ್ಟು ದೂರದಿಂದ ನಮ್ಮನಿ ನೀರು ಬೇಕು ಅಂತ ಬಂದಾರ. ನಾನೇನು ಅಷ್ಟು ಗತಿಗೆಟ್ಟಾಕೀ? ನನ್ನೊಬ್ಬಾಕಿದು ತಾನ?”

ಪಕ್ಕದ ಓಬಳೇಶನ ಮನೆಯಲ್ಲೂ ಅದೇ. ಅವನ ತಾಯಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರನ್ನು ಹೊಸ ಬಟ್ಟೆಯಲ್ಲಿ ಸೋಸಿ ತುಂಬಿದ್ದಳು. ಮುಂದಿನ ಮನೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಪ್ರತಿಯೊಬ್ಬರೂ ಗುಟ್ಟು ಹೇಳುವಂತೆ ಹೇಳಿದರು, ಪ್ರತಿಯೊಬ್ಬರೂ “ನಮ್ಮನಿದು ಒಂದೇ” ಎಂದರು. ಯಾರೂ ಯಾರ ಜೊತೆಗೂ ಮಾತಾಡಿಕೊಂಡಿರಲಿಲ್ಲ. ಕಳ್ಳ ಒಬ್ಬನಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದು. ಇಡೀ ಊರು ಮರ್ಯಾದೆ ಮಾಡಿ ತನ್ನ ಕುತ್ತಿಗೆಯನ್ನು ತಾನೇ ಕೊಯ್ದುಕೊಂಡರೆ ಯಾರನ್ನು ಬೈಯಲಿ? ಬಿಸಿಲಲ್ಲಿ ನಡುರಸ್ತೆಯಲ್ಲಿ ನಿಂತು, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹದಿನೈದು ಮನೆ ಮುಗಿಸಿ ಗೌಸಿಯಾಳ ಮನೆಗೆ ಬಂದೆ. ಅವಳು ಮಿಷನ್ ತುಳಿಯುತ್ತಿದ್ದಳು. ಅವಳ ಅತ್ತೆ ಜೈನಾಬ್ ಬೀ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು.

“ಲೇ ಗೌಸಿಯಾ, ನೀನಾದ್ರೂ ಬೋರಿನ ನೀರು ತುಂಬಿದೇನು?”

ಮಿಷನ್ ನಿಂತಿತು. “ಇಲ್ಲಕ್ಕ. ಮೆಹಮಾನರಿಗೆ ಅಂತ ಇಟ್ಟಿದ್ದ ಕೊಡದಾಗಿಂದು ತುಂಬಿದೆ.”

“ನಿನಗೇನು ಬಂದಿತ್ತೇ ಧಾಡಿ! ನೀನು ಸಂಶೋಧಕಿ ಅಲ್ಲೇನು? ದಿನಾ ಕುಡಿಯೋ ನೀರು ತುಂಬ್ರಿ ಅಂತ ಸರ್ ಹೇಳಿದ್ದು ಕಿವಿಗೆ ಬೀಳಲಿಲ್ಲೇನು? ಇಡೀ ಊರೇ ಬುದ್ಧಿಗೆಟ್ಟೈತಲ್ಲೇ, ಯಾರು ಹೇಳಿಕೊಟ್ರು ನಿಮಗ ಇದನ್ನ?”

ಗೌಸಿಯಾ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅಚ್ಚರಿ ಇತ್ತು.

“ನೀನ ಅಲ್ಲೇನಕ್ಕ?”

“ಏನು?”

“ನಿಮ್ಮ ಅಂಗಳದಾಗ ಸರ್ ಕುಂತಿದ್ರು. ನಿಮ್ಮತ್ತಿ ಅವರಿಗೆ ನೀರು ಕೊಟ್ಟು ಹಿತ್ತಾಳಿ ಕೊಡ ಅಲ್ಲೇ ಇಟ್ಟಿದ್ರು. ನೀನು ಅದರಾಗಿಂದ ತುಂಬಿ ತೋರ್ಸಿದಿ. ‘ಹಿಂಗ ತುಂಬಬೇಕು, ಸ್ವಂತ ಬುದ್ಧಿ ಓಡಿಸಬ್ಯಾಡ್ರಿ’ ಅಂದಿ. ನನಗೂ ಸ್ವಲ್ಪ ಅನುಮಾನ ಬಂತು. ಆದ್ರ ಪುಷ್ಪಕ್ಕನೇ ಬೀಗರ ಕೊಡದ್ದು ತುಂಬ್ಯಾಳ, ನಾನ್ಯಾಕ ಬ್ಯಾರೆ ಮಾಡ್ಲಿ ಅಂತ...”

ಮುಂದೆ ಅವಳು ಏನೆಂದಳೋ ನನಗೆ ಕೇಳಿಸಲಿಲ್ಲ. ನನ್ನ ಕಣ್ಣ ಮುಂದೆ ಆ ದಿನದ ಅಂಗಳ ಬಂದು ನಿಂತಿತ್ತು. ಎಡಗೈಯಲ್ಲಿ ಬಾಟಲಿ, ಬಲಗೈಯಲ್ಲಿ ಹಿತ್ತಾಳೆ ಕೊಡದ ಕಂಠ. ಹೌದು, ಹಿತ್ತಾಳೆಯದೇ. ಕೊಡದ ಮೇಲೆ ಬಿಸಿಲು ಹೊಳೆಯುತ್ತಿತ್ತು. ಒಳಗೆ ಹೋಗಿ ಅಡುಗೆಮನೆಯ ಮಣ್ಣಿನ ಗಡಿಗೆಯಿಂದ ತುಂಬಬೇಕೆಂದು ನನಗೆ ಒಂದು ಕ್ಷಣಕ್ಕೂ ಹೊಳೆದಿರಲಿಲ್ಲ. ಬಂದವರು ಎದುರಿಗೆ ಕೂತಿದ್ದರು, ಕೈ ತಾನಾಗಿ ಬೀಗರ ಕೊಡಕ್ಕೆ ಹೋಗಿತ್ತು. ಉಳಿದ ಮೂವತ್ತೇಳು ಹೆಂಗಸರು ನನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

“ಕುಂದ್ರವ್ವ, ನೀರು ಕುಡಿ,” ಎಂದು ಜೈನಾಬ್ ಬೀ ಲೋಟ ಹಿಡಿದು ಬಂದರು. ಅದನ್ನೂ ಮೆಹಮಾನರ ಕೊಡದಿಂದಲೇ ತಂದಿದ್ದರು. ನಾನು ಲೋಟವನ್ನು ಹಾಗೇ ಕೆಳಗಿಟ್ಟು ಎದ್ದೆ.

ಸರ್‌ಗೆ ಹೇಳಬೇಕಿತ್ತು. ಜನರಿಗೆ ತಿಳಿವಳಿಕೆ ಇಲ್ಲ, ಎಷ್ಟು ಹೇಳಿದರೂ ಕೇಳಲಿಲ್ಲ ಎಂದುಬಿಡಬಹುದು ಎಂಬ ಯೋಚನೆ ದಾರಿಯಲ್ಲಿ ಬಂತು. ಅಂಗನವಾಡಿ ಮುಟ್ಟುವವರೆಗೂ ಜೊತೆಗೇ ಇತ್ತು. ಹೊಸ್ತಿಲ ಮೇಲೆ ವಾಣಿ ಕೂತಿದ್ದಳಲ್ಲ, ಅವಳನ್ನು ದಾಟಿ ಒಳಗೆ ಹೋಗುವಾಗ ಆ ಯೋಚನೆ ಹೊರಗೇ ಉಳಿಯಿತು.

“ತಪ್ಪು ನಂದು ಸರ್,” ಎಂದೆ. “ಅವರೆಲ್ಲಾ ನಾನು ತೋರ್ಸಿದಂಗ ಮಾಡ್ಯಾರ. ನನ್ನ ಹೆಸರು ವರದಿಯಾಗಿಂದ ತೆಗೀರಿ, ಊರಿನ ಹೆಸರು ಪಟ್ಟಿಯಾಗ ಉಳಿಸ್ರಿ.”

ಸರ್ ಲ್ಯಾಬಿನ ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, “ನಾನೂ ಅಲ್ಲೇ ಕೂತಿದ್ದೆ ಟೀಚರ್,” ಎಂದರು. “ಅದೇ ಕೊಡದ ನೀರು ಕುಡಿದು ರುಚಿಯಾಗೈತೆ ಅಂದೋನು ನಾನು. ನನಗೂ ಹೊಳೀಲಿಲ್ಲ. ಕಲಿತೋನು ಅಂತ ಎದೆ ಉಬ್ಬಿಸ್ಕೊಂಡು ತಿರುಗ್ತೀನಿ.”

ಅವರ ಚೀಲದಲ್ಲಿ ಒಂದು ಸಣ್ಣ ಪೆಟ್ಟಿಗೆ ಇತ್ತು. ಅಂದಾಜಿಗೆ ನೋಡುವ ಔಷಧಿ, ನೀರಿಗೆ ಹಾಕಿದರೆ ಫ್ಲೋರೈಡ್ ಎಷ್ಟಿದೆಯೆಂದು ಬಣ್ಣ ಹೇಳುತ್ತದಂತೆ. ಪಟ್ಟಿಗೆ ಲ್ಯಾಬಿನ ನಂಬರೇ ಬೇಕು, ಆದರೂ ಮೊದಲು ಇದರಲ್ಲಿ ನೋಡೋಣ, ಆಮೇಲೆ ಮೂರೂ ಬೋರಿನ ಬುಡದಲ್ಲೇ ನಿಂತು ಬಾಟಲಿ ತುಂಬೋಣ, ಸಂಜೆಯ ಬಸ್ಸಿಗೆ ಒಯ್ದು ನಾಳೆ ಲ್ಯಾಬಿನವರ ಕೈಕಾಲು ಹಿಡಿಯುತ್ತೇನೆ ಎಂದರು. ಗೌಸಿಯಾ ಬಾಟಲಿ ಹೊಂದಿಸಲು ಓಡಿದಳು. ನಾವು ವಾಣಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದೆವು.

ನಾನು ಎರಡು ಗಾಜಿನ ಲೋಟ ತಂದೆ. ಒಂದಕ್ಕೆ ಅಡುಗೆಮನೆಯ ಗಡಿಗೆಯಿಂದ ಹಾಕಿದೆ, ನಾವು ದಿನಾ ಕುಡಿಯುವುದು. ಇನ್ನೊಂದಕ್ಕೆ ಬೀಗರ ಕೊಡದಿಂದ. ನೋಡಲು ಎರಡೂ ಒಂದೇ, ತಿಳಿಯಾಗಿ ಹೊಳೆಯುತ್ತಿದ್ದವು. ಸರ್ ಎರಡಕ್ಕೂ ಎಣಿಸಿ ಹನಿ ಹಾಕಿದರು. ಎರಡೂ ದಾಸವಾಳದ ಬಣ್ಣಕ್ಕೆ ತಿರುಗಿದವು. ವಾಣಿ ಚಪ್ಪಾಳೆ ತಟ್ಟಿದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಗ್ಗಿ ನೋಡಿದರು. ಅವರಿಗೆ ಬಗ್ಗಲು ಕಷ್ಟವೇನಿಲ್ಲ, ನೆಟ್ಟಗೆ ನಿಂತು ಎಂಟು ವರ್ಷವಾಗಿದೆ.

ಸ್ವಲ್ಪ ಹೊತ್ತಿಗೆ ಗಡಿಗೆಯ ನೀರಿನ ಕೆಂಪು ಮಾಸತೊಡಗಿತು. ನಾವು ನೋಡುತ್ತಿದ್ದಂತೆಯೇ ಅರಿಸಿನ ಕಲಸಿದಂತೆ ಹಳದಿಯಾಯಿತು. ಬೀಗರ ಕೊಡದ ನೀರು ಇದ್ದ ಹಾಗೇ ಕೆಂಪಗಿತ್ತು.

“ಹಳದಿ ಆದದ್ದು ಕೆಟ್ಟ ನೀರು,” ಎಂದರು ಸರ್ ಪೆಟ್ಟಿಗೆಯ ಬಣ್ಣದ ಪಟ್ಟಿ ಹಿಡಿದು. “ಐದರ ಮೇಲೈತೆ. ಬಹಳ ಜಾಸ್ತಿ.”

ನಾನು ಕಾಯುತ್ತಿದ್ದದ್ದು ಇದನ್ನೇ. ಇದೇ ಬೇಕಿತ್ತು. ಆದರೂ ನನ್ನ ಕಣ್ಣು ಆ ಹಳದಿ ಲೋಟವನ್ನು ಬಿಟ್ಟು ಕೆಂಪು ಲೋಟದ ಮೇಲೆ ನಿಂತಿತು. ಅಲ್ಲಿಂದ ಜಗಲಿಯ ಪಕ್ಕದ ಕಲ್ಲಿನ ಮೇಲಿದ್ದ ಹಿತ್ತಾಳೆ ಕೊಡಕ್ಕೆ ಹೋಯಿತು.

“ಸರ್,” ಎಂದೆ. “ಎಂಟು ವರ್ಷದ ಕೂಸಿಗೆ ದಿನಕ್ಕ ಎಷ್ಟು ನೀರು ಬೇಕಾಗತೈತಿ?”

“ಕುಡಿಯಾಕೆ, ಅಡಿಗೀಗೆ ಸೇರಿ ಮೂರು ಲೀಟರ್ ಹಿಡೀರಿ. ಯಾಕೆ?”

ಕೊಡಕ್ಕೆ ಹದಿನಾಲ್ಕು ಲೀಟರು. ವಾರಕ್ಕೆ ಎರಡು ಕೊಡ, ಇಪ್ಪತ್ತೆಂಟು. ಕೂಸಿಗೆ ವಾರಕ್ಕೆ ಬೇಕಾದದ್ದು ಇಪ್ಪತ್ತೊಂದು. ಅಂಗನವಾಡಿಯಲ್ಲಿ ನಾನೇ ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ. ಈ ಲೆಕ್ಕಕ್ಕೆ ಬೆರಳೂ ಬೇಕಾಗಿರಲಿಲ್ಲ.

“ಅತ್ತಿ, ಬೀಗರ ಕೊಡದಾಗ ಉಳಿದ ನೀರು ಏನು ಮಾಡ್ತೀರಿ?”

ಕೇಳುವ ಅಗತ್ಯವಿರಲಿಲ್ಲ. ಹತ್ತು ವರ್ಷದಿಂದ ನಾನೇ ನೋಡಿದ್ದೇನೆ. ಕೆಲವು ಸಲ ನಾನೇ ಚೆಲ್ಲಿದ್ದೇನೆ.

“ಏನು ಮಾಡ್ತಾರ? ಹೊಸ ನೀರು ಬರೂ ದಿನ ಹಳೇದನ್ನ ತುಳಸಿಗೆ, ಕರಿಬೇವಿನ ಗಿಡಕ್ಕ ಹಾಕ್ತೀನಿ,” ಎಂದರು ಅತ್ತೆ. ಹೇಳುತ್ತಾ ಹೇಳುತ್ತಾ ಅವರ ದನಿ ನಿಧಾನವಾಯಿತು. ಅವರು ಹಿತ್ತಲ ಬಾಗಿಲ ಕಡೆ ನೋಡಿದರು. ಅಲ್ಲಿ ಕರಿಬೇವು ಸೂರಿನೆತ್ತರಕ್ಕೆ ನೆಟ್ಟಗೆ ಬೆಳೆದು ನಿಂತಿತ್ತು. ಆಮೇಲೆ ವಾಣಿಯ ಕಾಲು ನೋಡಿದರು. “ಅಯ್ಯೋ ಶಿವನೇ,” ಎಂದು ಗೋಡೆ ಹಿಡಿದು ಕುಸಿದು ಕೂತರು.

ಅವರನ್ನು ನಾನು ಬೈಯಲಾರೆ. ಆ ಕೊಡದ ಒಂದು ಗುಟುಕನ್ನೂ ಅವರು ಎಂದೂ ಬಾಯಿಗೆ ಹಾಕಿಕೊಂಡವರಲ್ಲ. ಮಗಳನ್ನು ಬಳ್ಳಾರಿಗೆ ಎತ್ತಿಕೊಂಡು ಹೋದವಳು ನಾನು. ಹೊಳೆ ನೀರು, ಹೊಳೆ ನೀರು ಎಂದು ಕಂಡ ಕಂಡವರ ಮುಂದೆ ಕೂಗಾಡಿದವಳು ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದಳಂತೆ ಎಂದು ನಗುತ್ತೇವಲ್ಲ, ಆ ಹೆಂಗಸು ನಾನೇ. ಎರಡು ವರ್ಷದ ಹಿಂದಿನ ಮಾತು, ಆಗ ವಾಣಿಗೆ ಆರು ವರ್ಷ. ಆಡಿ ದಣಿದು ಬಂದು ಬೀಗರ ಕೊಡಕ್ಕೆ ಲೋಟ ಅದ್ದಿದ್ದಳು. ನಾನು ಅವಳ ಕೈಮೇಲೆ ಪಟ್ಟನೆ ಹೊಡೆದೆ. ಅವಳು ಅತ್ತಿದ್ದು ನೆನಪಿದೆ. ಆಮೇಲೆ ಅವಳು ಎಂದೂ ಆ ಕೊಡ ಮುಟ್ಟಲಿಲ್ಲ. ಜಾಣೆ, ಒಂದು ಸಲ ಹೇಳಿದರೆ ಸಾಕು ಎಂದು ನಾನು ಓಣಿಯವರ ಮುಂದೆ ಹೊಗಳಿಕೊಂಡಿದ್ದೆ.

ಹೊರಗೆ ಗೌಸಿಯಾ ಬಾಟಲಿಗಳ ಚೀಲ ಹಿಡಿದು, “ಪುಷ್ಪಕ್ಕ, ಬಸ್ಸಿಗೆ ಹೊತ್ತಾಗತೈತಿ, ಬೋರಿನ ಹತ್ರ ಎಲ್ಲಾರೂ ಕಾಯಾಕತ್ಯಾರ,” ಎಂದು ಕೂಗಿದಳು. ಸರ್ ತಮ್ಮ ಪೆಟ್ಟಿಗೆ ಮುಚ್ಚಿ, ಎದ್ದು ಹೊರಗೆ ಹೋದರು.

ನಾನು ಜಗಲಿಯ ಹತ್ತಿರ ಹೋಗಿ, ಬಂದವರಿಗೆಂದು ಎತ್ತಿಟ್ಟಿದ್ದ ಬೆಳ್ಳಿ ಕಟ್ಟಿನ ಲೋಟ ತೆಗೆದುಕೊಂಡೆ. ಬೀಗರ ಕೊಡ ಬಗ್ಗಿಸಿದೆ. ವಾಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಲೋಟ ಹಿಡಿದೆ.

“ತಗ, ಕುಡಿ ಕೂಸೇ.”

ಅವಳು ಲೋಟ ಮುಟ್ಟಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಲೋಟ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕುತ್ತಿಗೆ ಚಾಚಿ, ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ಇಣುಕಿದಳು.

“ಯಮ್ಮಾ,” ಎಂದಳು, “ಯಾರು ಬಂದಾರ?”